ಲಕ್ವದ ನಂತರ ಸಮತೋಲನ: ಹೆಚ್ಚು ದೂರ ನಡೆಸಿದರೆ ಸಾಕೇ, ಬೇರೆ ಅಭ್ಯಾಸವೂ ಬೇಕೇ?

ಹಳೇಪೇಟೆಯ ಮಗಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 63 ವರ್ಷ. ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೆಕ್ಕೆಜೋಳದ ಲೆಕ್ಕ ಬರೆದವರು. ಐದು ತಿಂಗಳ ಹಿಂದೆ ಒಂದು ಬೆಳಗಿನ ಜಾವ ಅವರಿಗೆ ಲಕ್ವ ಹೊಡೆಯಿತು. ಮಿದುಳಿನ ಬಲಭಾಗದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆಯೆಂದು ಸ್ಕ್ಯಾನಿಂಗ್‌ನಲ್ಲಿ ತಿಳಿಯಿತು. ಎಡಗೈ ಎಡಗಾಲು ಎರಡರಲ್ಲೂ ಆಗ ಶಕ್ತಿಯೇ ಇರಲಿಲ್ಲ. ಎರಡು ತಿಂಗಳ ಫಿಸಿಯೋಥೆರಪಿಯ ನಂತರ ನಾಲ್ಕು ಕಾಲಿನ ಕೋಲು ಹಿಡಿದು ಪಡಸಾಲೆಯಿಂದ ಹಿತ್ತಿಲ ಬಾಗಿಲವರೆಗೆ ಒಬ್ಬರೇ ನಡೆಯುವಷ್ಟು ಚೇತರಿಸಿಕೊಂಡರು. ಅಲ್ಲಿಂದೀಚೆಗೆ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಬೇರೆ ಊರಿಗೆ ಹೋದುದರಿಂದ ಅಭ್ಯಾಸ ನಿಂತುಹೋಗಿದೆ.

ಈಗ ನಮ್ಮನ್ನು ಕಾಡುತ್ತಿರುವುದು ಕಾಲಿನ ಶಕ್ತಿಗಿಂತ ಹೆಚ್ಚಾಗಿ ಅವರ ತೂಗಾಟ. ನೇರವಾಗಿ ನಡೆಯುವಾಗ ಅಷ್ಟು ಭಯವಾಗುವುದಿಲ್ಲ. ಆದರೆ ತಿರುಗುವಾಗ, ಹೊಸ್ತಿಲು ದಾಟುವಾಗ, ಯಾರಾದರೂ ಮಾತನಾಡಿಸಿದಾಗ ಎಡಕ್ಕೆ ವಾಲುತ್ತಾರೆ. ಬಾಗಿಲು ದಾಟುವಾಗ ಎಡ ಭುಜ ಚೌಕಟ್ಟಿಗೆ ತಗಲಿ ಅಲ್ಲಿ ಕಂದಿದ ಕಲೆ ಮಾಯುವುದೇ ಇಲ್ಲ. ಈವರೆಗೆ ಎರಡು ಸಲ ಬಿದ್ದಿದ್ದಾರೆ. ಒಮ್ಮೆ ಬಚ್ಚಲಿನಲ್ಲಿ ಟವೆಲ್ ತೆಗೆದುಕೊಳ್ಳಲು ತಿರುಗಿದಾಗ, ಇನ್ನೊಮ್ಮೆ ಬೆಳಗ್ಗೆ ಹಾಸಿಗೆಯಿಂದ ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ. ಪುಣ್ಯಕ್ಕೆ ಮೂಳೆ ಮುರಿದಿಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ತಂದೆಯವರ ಗೆಳೆಯರು ಬೆಳಿಗ್ಗೆ ಕುಂದವಾಡ ಕೆರೆಯ ಸುತ್ತ ವಾಕಿಂಗ್ ಹೋಗುವವರು. ದಿನಾ ಏರಿಯ ಮೇಲೆ ನಡೆಸಿದರೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ, ನಾವೇ ಜೊತೆಗೆ ಕರೆದುಕೊಂಡು ಹೋಗುತ್ತೇವೆ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಅಣ್ಣ ಟ್ರೆಡ್‌ಮಿಲ್ ಕೊಂಡು ಕಳುಹಿಸಲು ಸಿದ್ಧನಾಗಿದ್ದಾನೆ. ಅವ್ವನಿಗೆ ಮಾತ್ರ ಅವರು ಎದ್ದು ನಿಂತರೂ ಎದೆ ಡವಡವ. ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ ಕೂತಿರುವುದೇ ವಾಸಿ ಎಂಬುದು ಅವಳ ವಾದ. ಸೋದರತ್ತೆಯವರು ಎಣ್ಣೆಯ ಉಜ್ಜುವಿಕೆಯಿಂದ ಪಾರಿವಾಳದ ರಕ್ತದವರೆಗೆ ಎಲ್ಲವನ್ನೂ ಸೂಚಿಸಿದ್ದಾರೆ.

ತಂದೆಯವರಿಗೆ ಬಿಪಿ ಮತ್ತು ಸಕ್ಕರೆ ಕಾಯಿಲೆ ಎರಡೂ ಇದ್ದು, ಮಾತ್ರೆಗಳು ತಪ್ಪದೆ ನಡೆಯುತ್ತಿವೆ. ನಡಿಗೆಯ ದೂರವನ್ನು ಹೆಚ್ಚಿಸುತ್ತಾ ಹೋದರೆ ಸಮತೋಲನ ತಾನಾಗಿ ಬರುತ್ತದೆಯೇ, ಅಥವಾ ಸಮತೋಲನಕ್ಕೆಂದೇ ಬೇರೆ ರೀತಿಯ ನಡಿಗೆ ಇದೆಯೇ? ಐದು ತಿಂಗಳು ಕಳೆದ ಮೇಲೆ ಇನ್ನು ಸುಧಾರಣೆ ಆಗುವುದಿಲ್ಲ ಎಂದು ಕೆಲವರು ಹೇಳುವುದು ನಿಜವೇ? ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು.

ವಿದ್ಯಾನಗರದ ಗೃಹಿಣಿ

ತಂಗಿ, ನಮ್ಮ ಯಜಮಾನರಿಗೂ ನಾಲ್ಕು ವರ್ಷದ ಹಿಂದೆ ಎಡಭಾಗಕ್ಕೇ ಹೊಡೆದಿತ್ತು. ವ್ಯಾಯಾಮದ ವಿಷಯವನ್ನು ತಿಳಿದವರು ಹೇಳಲಿ, ನಾನು ಮನೆಯ ವಿಷಯ ಮಾತ್ರ ಹೇಳುತ್ತೇನೆ, ಏಕೆಂದರೆ ನಮ್ಮವರು ಬಿದ್ದ ಮೂರು ಸಲವೂ ಬಿದ್ದದ್ದು ಮನೆಯೊಳಗೇ, ಅದೂ ನಾವು ಲೆಕ್ಕಕ್ಕೇ ಇಟ್ಟುಕೊಳ್ಳದ ವಸ್ತುಗಳಿಂದ.

ಮೊದಲನೆಯದು ಹವಾಯಿ ಚಪ್ಪಲಿ. ಸೋತ ಕಾಲಿನ ಬೆರಳುಗಳಿಗೆ ಚಪ್ಪಲಿಯ ಉಂಗುಷ್ಟವನ್ನು ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ, ಹೀಗಾಗಿ ನಡೆಯುತ್ತಿರುವಂತೆಯೇ ಚಪ್ಪಲಿ ಅರ್ಧ ಜಾರಿ ಹಿಮ್ಮಡಿಯ ಕೆಳಗೆ ಮಡಚಿಕೊಳ್ಳುತ್ತದೆ. ಹಿಂದೆ ಪಟ್ಟಿ ಇರುವ, ಅಂಟುಪಟ್ಟಿಯಿಂದ ಬಿಗಿಯುವ ಸ್ಯಾಂಡಲ್ ತಂದ ದಿನದಿಂದಲೇ ಅವರ ನಡಿಗೆ ಬೇರೆಯಾಯಿತು. ಮನೆಯೊಳಗೂ ಅದನ್ನೇ ಹಾಕಿಸಿದೆವು. ಪಾದರಕ್ಷೆ ಒಳಗೆ ಬರಬಾರದೆಂದು ನಮ್ಮ ಅತ್ತೆಯವರು ಮುನಿಸಿಕೊಂಡರು. ಹೊರಗೆ ಹಾಕಿದ್ದಲ್ಲ, ಒಳಗಿಗೆಂದೇ ಹೊಸದು ತಂದದ್ದು ಎಂದು ಹೇಳಿ ಒಪ್ಪಿಸಬೇಕಾಯಿತು.

ಎರಡನೆಯದು ಪಂಚೆ. ಕಾಲು ಸಲೀಸಾಗಿ ಎತ್ತಲಾಗದವರಿಗೆ ಪಂಚೆಯ ಅಂಚು ಹೆಬ್ಬೆರಳಿಗೆ ಸಿಕ್ಕಿದರೆ ಮುಗಿಯಿತು. ಪಾದದ ಮೇಲೆ ನಿಲ್ಲುವ ಪೈಜಾಮ ಅಥವಾ ಮೊಣಕಾಲವರೆಗಿನ ಚಡ್ಡಿ ಹಾಕಿಸಿ. ನಮ್ಮವರು ಮೊದಮೊದಲು ನಾಚಿಕೊಂಡು ಹೊರಗೆ ಕಟ್ಟೆಗೂ ಬರುತ್ತಿರಲಿಲ್ಲ.

ಹೊಸ್ತಿಲನ್ನು ತೆಗೆಸಲು ನಮ್ಮಂಥವರ ಮನೆಗಳಲ್ಲಿ ಮನಸ್ಸು ಬರುವುದಿಲ್ಲ, ತೆಗೆಸಬೇಕಾಗಿಯೂ ಇಲ್ಲ. ಅದರ ಮೇಲಂಚಿಗೆ ದಪ್ಪವಾಗಿ ಹಳದಿ ಬಣ್ಣ ಬಳಿಸಿ, ಪಕ್ಕದ ಗೋಡೆಗೆ ಬಲಗೈಗೆ ಸಿಗುವ ಎತ್ತರದಲ್ಲಿ ಸ್ಟೀಲ್ ಹಿಡಿಕೆ ಹಾಕಿಸಿ. ಹಿಂದಿರುಗಿ ಬರುವಾಗಲೂ ಬಲಗೈಗೆ ಏನಾದರೂ ಸಿಗಬೇಕಲ್ಲ, ಆದ್ದರಿಂದ ಹಿಡಿಕೆ ಎರಡೂ ಬದಿಗೆ ಬೇಕು. ನಾವು ಒಂದೇ ಬದಿಗೆ ಹಾಕಿಸಿ ಎರಡು ಸಲ ಗೋಡೆ ಕೊರೆಸಿದೆವು. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೇ ಸ್ನಾನ ಮಾಡಿಸಿ, ಟವೆಲನ್ನು ಹಿಂದಿನ ಗೂಟದಲ್ಲಲ್ಲದೆ ಮುಂದೆ ಕೈಗೆಟಕುವಂತೆ ಇಡಿ. ರಾತ್ರಿ ಮೂತ್ರಕ್ಕೆ ಏಳುವವರಾದರೆ ಸಣ್ಣ ದೀಪವೊಂದು ಉರಿಯುತ್ತಿರಲಿ, ಮಂಚದ ಪಕ್ಕದಲ್ಲಿ ಮೂತ್ರದ ಬಾಟಲಿಯೂ ಇರಲಿ.

ಎಣ್ಣೆಯ ಬಗ್ಗೆ ಒಂದು ಮಾತು. ನಾವೂ ಹಚ್ಚಿಸಿದೆವು, ಅವರಿಗೆ ಹಿತವೆನಿಸಿತು. ಆದರೆ ಒಂದು ದಿನ ಬಿಸಿ ಹೆಚ್ಚಾದದ್ದು ಅವರಿಗೆ ಗೊತ್ತೇ ಆಗದೆ ಮೀನಖಂಡದಲ್ಲಿ ಬೊಬ್ಬೆ ಎದ್ದಿತು. ಸ್ಪರ್ಶ ತಿಳಿಯದ ಕಾಲಿಗೆ ಬಿಸಿ ಎಣ್ಣೆ ಹಚ್ಚುವ ಮೊದಲು ನಿಮ್ಮ ಕೈಯಲ್ಲಿ ನೋಡಿಕೊಳ್ಳಿ. ಪಾರಿವಾಳವನ್ನು ಅದರ ಪಾಡಿಗೆ ಬಿಟ್ಟುಬಿಡಿ.

ನಡಿಗೆಯ ಫಿಸಿಯೋ, ಚಿತ್ರದುರ್ಗ

ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್. ನಿಮ್ಮ ತಂದೆಯವರನ್ನು ನೋಡದೆ ಬರೆಯುತ್ತಿರುವುದರಿಂದ, ಇದನ್ನು ತಪಾಸಣೆಗೆ ಬದಲಿಯೆಂದು ಭಾವಿಸದೆ, ತಪಾಸಣೆಗೆ ಹೋಗುವಾಗ ಏನು ಕೇಳಬೇಕೆಂಬುದರ ಟಿಪ್ಪಣಿಯೆಂದು ಓದಿಕೊಳ್ಳಿ.

ದೂರ ಹೆಚ್ಚಿದಂತೆ ಸಮತೋಲನವೂ ಹೆಚ್ಚುತ್ತದೆ ಎಂಬುದು ಅರ್ಧ ಸತ್ಯ ಮಾತ್ರ. ನಾವು ಇಡುವ ಪ್ರತಿಯೊಂದು ಹೆಜ್ಜೆಯಲ್ಲೂ ಇಡೀ ದೇಹದ ಭಾರ ಒಂದೇ ಕಾಲಿನ ಮೇಲೆ ನಿಲ್ಲುವ ಒಂದು ಗಳಿಗೆ ಇರುತ್ತದೆ. ಆರೋಗ್ಯವಂತರಲ್ಲಿ ಆ ಗಳಿಗೆ ಎರಡೂ ಕಾಲುಗಳಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಲಕ್ವ ಹೊಡೆದವರು ಸೋತ ಕಾಲನ್ನು ನಂಬುವುದಿಲ್ಲ. ಅದರ ಮೇಲೆ ಭಾರ ಬಿದ್ದ ಕೂಡಲೇ ಗಟ್ಟಿ ಕಾಲನ್ನು ಅವಸರವಾಗಿ, ಗಿಡ್ಡ ಹೆಜ್ಜೆಯಲ್ಲಿ ಊರಿಬಿಡುತ್ತಾರೆ. ಜೊತೆಗೆ ಪಾದದ ಮುಂಭಾಗ ಮೇಲೇಳದೆ ಇಳಿಬೀಳುವುದರಿಂದ, ಬೆರಳು ನೆಲಕ್ಕೆ ಉಜ್ಜದಿರಲೆಂದು ಇಡೀ ಕಾಲನ್ನು ಹೊರಗೆ ಅರ್ಧಚಂದ್ರಾಕಾರವಾಗಿ ಬೀಸಿ ತರುತ್ತಾರೆ. ಈ ರೀತಿಯಲ್ಲೇ ಕೆರೆಯನ್ನು ಸುತ್ತಿದರೆ ಉಸಿರಿಗೂ ಹೃದಯಕ್ಕೂ ಒಳ್ಳೆಯದೇ, ಆದರೆ ಸೋತ ಕಾಲಿನ ಮೇಲೆ ನಿಲ್ಲದೆ ತಪ್ಪಿಸಿಕೊಳ್ಳುವ ಕಲೆಯನ್ನು ಸಾವಿರಾರು ಸಲ ಅಭ್ಯಾಸ ಮಾಡಿದಂತಾಗುತ್ತದೆ. ಸಮತೋಲನದ ಅಭ್ಯಾಸದಲ್ಲಿ ನಾವು ಮಾಡುವುದು ಇದರ ವಿರುದ್ಧ ಕೆಲಸ: ಆ ಕಾಲಿನ ಮೇಲೆ ಬೇಕೆಂದೇ, ಆಸರೆಯ ಪಕ್ಕದಲ್ಲಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಹೊತ್ತು ನಿಲ್ಲಿಸುವುದು.

ಆದ್ದರಿಂದ ಮೊದಲ ಕೆಲಸ ಅಡುಗೆಮನೆಯ ಕಟ್ಟೆಯ ಮುಂದೆ. ಎರಡೂ ಪಾದಗಳನ್ನು ಭುಜದಷ್ಟು ಅಗಲಿಸಿ ನಿಂತು, ಕಟ್ಟೆಯನ್ನು ಬಲಗೈಯಿಂದ ಹಗುರವಾಗಿ ಹಿಡಿದು, ಸೊಂಟವನ್ನು ನಿಧಾನವಾಗಿ ಎಡಕ್ಕೆ ಸರಿಸಿ ಐದು ಎಣಿಸುವವರೆಗೆ ಭಾರವನ್ನು ಎಡಗಾಲಿನ ಮೇಲೆ ಇರಿಸಿಕೊಳ್ಳಬೇಕು. ಇದು ಸಲೀಸಾದ ಮೇಲೆ ಬಲಗಾಲನ್ನು ಮುಂದೆ ಇಟ್ಟಿರುವ ಕಿರು ಮಣೆಯ ಮೇಲೆ ಇಟ್ಟು ತೆಗೆಯುವುದು. ಬಲಗಾಲು ಗಾಳಿಯಲ್ಲಿರುವಷ್ಟು ಹೊತ್ತೂ ಎಡಗಾಲು ಅನಿವಾರ್ಯವಾಗಿ ದುಡಿಯುತ್ತದೆ. ಆಗ ಎಡ ಮೊಣಕಾಲು ಹಿಂದಕ್ಕೆ ಬಿಲ್ಲಿನಂತೆ ಬಾಗಿ ಬಿಗಿದುಕೊಳ್ಳುತ್ತಿದೆಯೇ ಎಂದು ಪಕ್ಕದಿಂದ ನೋಡಿ. ಬಿಗಿದುಕೊಳ್ಳುತ್ತಿದ್ದರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು, ಏಕೆಂದರೆ ವರ್ಷಾನುಗಟ್ಟಲೆ ಹಾಗೆ ನಡೆದರೆ ಮೊಣಕಾಲಿನ ಹಿಂಬದಿ ನೋವಿಗೆ ತುತ್ತಾಗುತ್ತದೆ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ ಇದರ ಜೊತೆಗೇ ಮಾಡಿಸಿ, ಎಡ ಪಾದ ಬಲ ಪಾದಕ್ಕಿಂತ ಕೊಂಚ ಹಿಂದೆ ಇದ್ದರೆ ಅದರ ಪಾಲಿಗೆ ಹೆಚ್ಚು ಕೆಲಸ ಬೀಳುತ್ತದೆ.

ಅನಂತರ ನಡಿಗೆಯಲ್ಲೇ ಬಗೆಗಳನ್ನು ತರಬೇಕು. ಕಟ್ಟೆಯ ಉದ್ದಕ್ಕೂ ಅಡ್ಡಡ್ಡ ಹೆಜ್ಜೆ, ಅಲ್ಲಿಂದಲೇ ಹಿಮ್ಮುಖವಾಗಿ ನಾಲ್ಕಾರು ಹೆಜ್ಜೆ, ನೆಲದ ಮೇಲೆ ಸೀಮೆಸುಣ್ಣದ ಗೆರೆಗಳನ್ನು ಎಳೆದು ಗೆರೆ ತುಳಿಯದೆ ದಾಟುವುದು, ನಡೆಯುತ್ತಾ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು. ತಿರುಗುವುದನ್ನಂತೂ ಪ್ರತ್ಯೇಕವಾಗಿಯೇ ಕಲಿಸಬೇಕು. ಒಂದೇ ಕಾಲಿನ ಮೇಲೆ ಬುಗುರಿಯಂತೆ ಹೊರಳದೆ, ಗಡಿಯಾರದ ಮುಳ್ಳಿನ ಹಾಗೆ ಸಣ್ಣ ಸಣ್ಣ ಐದಾರು ಹೆಜ್ಜೆಗಳಲ್ಲಿ ದೊಡ್ಡ ಸುತ್ತು ಹಾಕಿ ತಿರುಗಲಿ. ಕಣ್ಣು, ಒಳಕಿವಿ ಮತ್ತು ಪಾದದ ಸ್ಪರ್ಶ, ಈ ಮೂರರಿಂದ ಬರುವ ಸುದ್ದಿಯನ್ನು ಜೋಡಿಸಿ ಮಿದುಳು ನಮ್ಮನ್ನು ನೆಟ್ಟಗೆ ನಿಲ್ಲಿಸುತ್ತದೆ. ಪಾದದ ಸುದ್ದಿ ಸರಿಯಾಗಿ ಬಾರದವರು ಕಣ್ಣನ್ನೇ ನಂಬಿ ನೆಲ ನೋಡುತ್ತಾ ನಡೆಯುತ್ತಾರೆ, ಆದ್ದರಿಂದಲೇ ತಲೆ ತಿರುಗಿಸಿದ ಕ್ಷಣ ಅವರ ಆಧಾರ ತಪ್ಪುತ್ತದೆ. ಸಕ್ಕರೆ ಕಾಯಿಲೆಯಿಂದಲೂ ಪಾದ ಜೋಮು ಹಿಡಿದಿದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಜೊತೆಗಿರುವವರು ಎಡಬದಿಗೆ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಸೊಂಟಕ್ಕೆ ಅಗಲವಾದ ಗಟ್ಟಿ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ಎಡಗೈಯನ್ನು ಹಿಡಿದು ಎಳೆಯಬೇಡಿ, ಸೋತ ಭುಜದ ಕೀಲು ಸುಲಭವಾಗಿ ಜಾರುತ್ತದೆ. ಕೋಲು ಬಲಗೈಯಲ್ಲೇ ಇರಬೇಕು, ಕೈ ಇಳಿಬಿಟ್ಟು ನಿಂತಾಗ ಅದರ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು.

ಇನ್ನು ಟ್ರೆಡ್‌ಮಿಲ್. ಅಮೆರಿಕದಲ್ಲಿ ಲಕ್ವ ಹೊಡೆದ 408 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ದೇಹದ ಭಾರವನ್ನು ಪಟ್ಟಿಗಳಿಂದ ಮೇಲಕ್ಕೆ ತೂಗಿಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸಿದವರನ್ನೂ, ಮನೆಯಲ್ಲೇ ಫಿಸಿಯೋಥೆರಪಿಸ್ಟರ ಎದುರಿಗೆ ಶಕ್ತಿ ಮತ್ತು ಸಮತೋಲನದ ವ್ಯಾಯಾಮ ಮಾಡಿದವರನ್ನೂ ಹೋಲಿಸಿದರು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪಿನವರ ಸುಧಾರಣೆ ಸರಿಸುಮಾರು ಒಂದೇ ಆಗಿತ್ತು. ಒಟ್ಟಾರೆ 52% ಮಂದಿಯ ನಡಿಗೆ ಒಂದು ಮಟ್ಟ ಮೇಲೇರಿತ್ತು. ನಿಮ್ಮ ಇನ್ನೊಂದು ಪ್ರಶ್ನೆಗೂ ಅಲ್ಲೇ ಉತ್ತರವಿದೆ: ಟ್ರೆಡ್‌ಮಿಲ್ ತರಬೇತಿಯನ್ನು ಎರಡನೇ ತಿಂಗಳ ಬದಲು ಆರನೇ ತಿಂಗಳಲ್ಲಿ ಆರಂಭಿಸಿದವರೂ ವರ್ಷಾಂತ್ಯಕ್ಕೆ ಅಷ್ಟೇ ಮುಂದೆ ಬಂದಿದ್ದರು. ಮೊದಲ ಮೂರು ತಿಂಗಳ ವೇಗ ಆಮೇಲೆ ಇರುವುದಿಲ್ಲವೆಂಬುದು ನಿಜ, ಆದರೆ ಬಾಗಿಲು ಮುಚ್ಚುವುದಿಲ್ಲ. ಪಟ್ಟಿಯ ಆಸರೆಯಿಲ್ಲದ ಸಾಮಾನ್ಯ ಟ್ರೆಡ್‌ಮಿಲ್ ಮೇಲೆ ತಿರುಗುವಾಗ ವಾಲುವ ವ್ಯಕ್ತಿಯನ್ನು ಒಂಟಿಯಾಗಿ ನಿಲ್ಲಿಸಲು ನಾನಂತೂ ಒಪ್ಪುವುದಿಲ್ಲ.

ನಿಮ್ಮ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಎರಡು ಸಂಗತಿಗಳನ್ನು ನೀವು ಹಾಗೇ ದಾಟಿಹೋಗಿದ್ದೀರಿ. ಎಡ ಭುಜ ಪ್ರತಿ ಸಲವೂ ಚೌಕಟ್ಟಿಗೆ ತಗಲುವುದು ಬರೀ ತೂಗಾಟದಿಂದ ಆಗಿರಲಾರದು. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರಿಗೆ ಎಡಗಡೆಯ ಜಗತ್ತಿನ ಮೇಲೆ ಗಮನವೇ ಹೋಗುವುದಿಲ್ಲ, ಇನ್ನು ಕೆಲವರಿಗೆ ಎರಡೂ ಕಣ್ಣಿನ ನೋಟದ ಎಡ ಅರ್ಧವೇ ಹೋಗಿರುತ್ತದೆ. ತಟ್ಟೆಯ ಎಡಭಾಗದ ಅನ್ನ ಪಲ್ಯ ಉಳಿಯುತ್ತಿದೆಯೇ, ಗಡ್ಡ ಮಾಡಿಕೊಳ್ಳುವಾಗ ಎಡ ಕೆನ್ನೆ ಬಿಟ್ಟುಹೋಗುತ್ತದೆಯೇ ಎಂದು ಗಮನಿಸಿ ವೈದ್ಯರಿಗೆ ತಿಳಿಸಿ. ಎರಡನೆಯದಾಗಿ, ಹಾಸಿಗೆಯಿಂದ ಎದ್ದ ಕೂಡಲೇ ಬಿದ್ದುದಕ್ಕೆ ಬಿಪಿ ಕುಸಿದಿರುವುದೂ ಕಾರಣವಿರಬಹುದು. ಮಲಗಿರುವಾಗ ಒಮ್ಮೆ, ಎದ್ದು ನಿಂತು ಒಂದು ಮತ್ತು ಮೂರು ನಿಮಿಷಕ್ಕೆ ಮತ್ತೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಮಾತ್ರೆ ಬರೆದ ವೈದ್ಯರಿಗೆ ತೋರಿಸಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ದುರ್ಗದ ನಿವೃತ್ತ ಮೇಷ್ಟ್ರು

ಮೇಲೆ ಬರೆದವರೆಲ್ಲ ನೋಡಿಕೊಂಡವರು, ನಾನು ಬಿದ್ದವನು. ಮೂರು ವರ್ಷದ ಹಿಂದೆ ಬಲಭಾಗಕ್ಕೆ ಲಕ್ವ ಹೊಡೆದು, ಬರೆಯುವ ಕೈಯನ್ನು ಎಡಕ್ಕೆ ಬದಲಿಸಿಕೊಂಡು ಈಗ ಇದನ್ನು ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ.

ಆಸ್ಪತ್ರೆಯಿಂದ ಬಂದ ನಾಲ್ಕನೇ ತಿಂಗಳಿಗೆ ನಾನು ಸ್ಟೇಡಿಯಂನಲ್ಲಿ ಕೋಲು ಹಿಡಿದು ಒಂದು ಸುತ್ತು ಬರುತ್ತಿದ್ದೆ, ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಹಳೆಯ ವಿದ್ಯಾರ್ಥಿಯೊಬ್ಬ ಹಿಂದಿನಿಂದ ‘ನಮಸ್ಕಾರ ಸಾರ್’ ಅಂದ. ಕತ್ತು ತಿರುಗಿಸಿ ನಮಸ್ಕಾರ ಎನ್ನುವಷ್ಟರಲ್ಲಿ ನೆಲದ ಮೇಲಿದ್ದೆ. ಅವನು ನನ್ನನ್ನು ಎತ್ತುತ್ತಾ ತನ್ನದೇ ತಪ್ಪೆಂಬಂತೆ ಅಳುತ್ತಿದ್ದ. ನಾನು ಅಷ್ಟು ದಿನವೂ ತಲೆ ಬಗ್ಗಿಸಿ, ಬಾಯಿ ಮುಚ್ಚಿ, ಒಂದೇ ದಿಕ್ಕಿನಲ್ಲಿ ನಡೆಯುವುದನ್ನು ಮಾತ್ರ ಕಲಿತಿದ್ದೆನೆಂದು ಅಂದು ಅರಿವಾಯಿತು. ಬೀದಿಯಲ್ಲಿ ಯಾರೂ ಹಾಗೆ ನಡೆಯುವುದಿಲ್ಲ. ನಡೆಯುತ್ತಾ ಮಾತನಾಡುವುದು, ಲೆಕ್ಕ ಹೇಳುವುದು, ಕೈಯಲ್ಲೊಂದು ಚೀಲ ಹಿಡಿಯುವುದು, ಇವನ್ನೂ ಅಭ್ಯಾಸದ ಒಳಗೇ ತರಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ, ನಮ್ಮ ಮನೆಯಾಕೆ ನನ್ನನ್ನು ನಡೆಸುತ್ತಾ ಹದಿಮೂರರ ಮಗ್ಗಿ ಕೇಳತೊಡಗಿದಳು. ಮೊದಲ ವಾರ ಹದಿಮೂರೇಳಲಿಗೆ ಬಂದಾಗಲೆಲ್ಲ ಕಾಲು ತಾನಾಗಿ ನಿಲ್ಲುತ್ತಿತ್ತು. ನಲವತ್ತು ವರ್ಷ ಮಕ್ಕಳಿಂದ ಮಗ್ಗಿ ಹೇಳಿಸಿದವನಿಗೆ ಇದಕ್ಕಿಂತ ತಕ್ಕ ಶಿಕ್ಷೆ ಇನ್ನೊಂದಿಲ್ಲ. ನಿಮ್ಮ ತಂದೆಯವರು ಲೆಕ್ಕ ಬರೆದವರು. ಮೆಕ್ಕೆಜೋಳದ ಕ್ವಿಂಟಲ್ ದರವನ್ನೇ ಕೂಡಿಸಲು ಹೇಳಿ, ಖುಷಿಯಿಂದ ಮಾಡುತ್ತಾರೆ. ಆದರೆ ಮೊದಲು ಗೋಡೆಯ ಪಕ್ಕದಲ್ಲಿ.

ಸುಸ್ತಿನ ವಿಷಯವನ್ನು ಯಾರೂ ಹೇಳಲಿಲ್ಲ. ಲಕ್ವದ ಸುಸ್ತು ಕೆಲಸ ಮಾಡಿದ ಸುಸ್ತಿನಂತಲ್ಲ, ದೀಪದ ಎಣ್ಣೆ ತೀರಿದ ಹಾಗೆ ಇದ್ದಕ್ಕಿದ್ದಂತೆ ಬರುತ್ತದೆ. ಬೆಳಿಗ್ಗೆ ಚೆನ್ನಾಗಿ ನಡೆದ ನಾನು ಸಂಜೆ ಅದೇ ಪಡಸಾಲೆಯಲ್ಲಿ ತಡವರಿಸುತ್ತಿದ್ದೆ. ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ನಡೆದದ್ದು ನನಗೆ ಒಗ್ಗಿತು, ಒಂದೇ ಸಲ ಅರ್ಧ ಗಂಟೆ ನಡೆದದ್ದು ಒಗ್ಗಲಿಲ್ಲ. ನಮ್ಮ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಏಳು ಗಂಟೆಯ ಮೇಲೆ ಹೊರಗೆ ಹೊರಡಲೇಬೇಡಿ. ಆಷಾಢದಲ್ಲಿ ದುರ್ಗದ ಗಾಳಿಯೂ ಒಂದು ಪರೀಕ್ಷೆಯೇ. ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಒಂದು ಕಾಲಿನ ಮನುಷ್ಯನನ್ನು ಬಿಟ್ಟೀತೇ?

ಏರು ಇಳಿವುಗಳು ಬೇರೆಯೇ ವಿದ್ಯೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಈಗ ಚಳಿಗಾಲದ ಬೆಳಗುಗಳಲ್ಲಿ ಮಗನ ಜೊತೆ ಕೋಟೆಯ ಮೊದಲ ಬಾಗಿಲವರೆಗೆ ಹೋಗಿಬರುತ್ತೇನೆ. ಸವೆದು ನುಣುಪಾದ ಕಲ್ಲುಹಾಸಿನ ಮೇಲೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಏಳು ಸುತ್ತಿನಲ್ಲಿ ಉಳಿದ ಆರು ಅಲ್ಲೇ ಇವೆ, ಎಲ್ಲಿಗೂ ಹೋಗುವುದಿಲ್ಲ.

ನಿಮ್ಮ ತಾಯಿಯವರಿಗೆ ನನ್ನದೊಂದು ಅರಿಕೆ ತಿಳಿಸಿ. ಬಿದ್ದ ಮೇಲೆ ನಾನು ಎರಡು ತಿಂಗಳು ಕುರ್ಚಿ ಬಿಟ್ಟು ಏಳಲಿಲ್ಲ, ಮನೆಯವರೂ ಅದನ್ನೇ ಬಯಸಿದರು. ಆ ಎರಡು ತಿಂಗಳಲ್ಲಿ ಗಟ್ಟಿ ಕಾಲೂ ಬಡವಾಯಿತು. ಅದನ್ನು ಮರಳಿ ತರಲು ಐದು ತಿಂಗಳು ಹಿಡಿಯಿತು.

ಹಳೇಪೇಟೆಯ ಮಗಳು, ದಾವಣಗೆರೆ

ಮೂರು ವಾರ ಕಳೆದು ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆ ಇರಲಿ. ಫಿಸಿಯೋ ಅವರ ಮಾತನ್ನು ಓದಿದ ದಿನ ರಾತ್ರಿಯೇ ತಂದೆಯವರ ತಟ್ಟೆ ನೋಡಿದೆ. ರೊಟ್ಟಿ ಖಾಲಿ, ಬಲಗಡೆಯ ಚಟ್ನಿಪುಡಿ ಖಾಲಿ, ಎಡಗಡೆ ಬಡಿಸಿದ್ದ ಹೆಸರುಕಾಳಿನ ಪಲ್ಯ ಮುಟ್ಟದ ಹಾಗೆ ಇತ್ತು. ಇಷ್ಟು ದಿನವೂ ಅವ್ವ ‘ಇವರಿಗೆ ನನ್ನ ಪಲ್ಯ ಸೇರುವುದಿಲ್ಲ’ ಎಂದು ಬೇಸರಪಟ್ಟುಕೊಳ್ಳುತ್ತಿದ್ದಳು. ತಟ್ಟೆಯನ್ನು ತಿರುಗಿಸಿ ಇಟ್ಟರೆ ಅದನ್ನೂ ತಿಂದು ಮುಗಿಸಿದರು. ಅವ್ವ ಒಳಗೆ ಹೋಗಿ ಅತ್ತಳು.

ನರರೋಗ ತಜ್ಞರನ್ನೂ ಕಣ್ಣಿನ ವೈದ್ಯರನ್ನೂ ಕಂಡೆವು. ನೋಟ ಸರಿಯಾಗಿದೆ, ಎಡಗಡೆಯ ಗಮನ ಕುಂದಿದೆ ಎಂದರು. ಈಗ ಪ್ರತಿ ಬಾಗಿಲಿನ ಎಡ ಚೌಕಟ್ಟಿಗೂ ಕೆಂಪು ಪಟ್ಟಿ ಅಂಟಿಸಿದ್ದೇವೆ. ಬಾಗಿಲ ಮುಂದೆ ನಿಂತು, ಎಡಕ್ಕೆ ನೋಡಿ, ಪಟ್ಟಿ ಕಂಡಿತೆಂದು ಬಾಯಿಬಿಟ್ಟು ಹೇಳಿಯೇ ದಾಟಬೇಕೆಂಬುದು ಹೊಸ ನಿಯಮ. ಬಿಪಿಯೂ ನೀವು ಊಹಿಸಿದಂತೆಯೇ ಇತ್ತು. ಮಲಗಿದಾಗ ಮೇಲಿನ ಅಂಕಿ 142, ನಿಂತು ಮೂರು ನಿಮಿಷಕ್ಕೆ 116. ವೈದ್ಯರು ಒಂದು ಮಾತ್ರೆಯನ್ನು ಬದಲಿಸಿದ್ದಾರೆ, ಎದ್ದ ಮೇಲೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಕಾಲಾಡಿಸಿ ಆಮೇಲೆ ನಿಲ್ಲಿಸಲು ಹೇಳಿದ್ದಾರೆ.

ಅಣ್ಣ ಟ್ರೆಡ್‌ಮಿಲ್‌ಗೆ ಎತ್ತಿಟ್ಟ ಹಣದಲ್ಲಿ ಹಿಡಿಕೆಗಳನ್ನೂ ಸ್ಯಾಂಡಲ್ಲನ್ನೂ ಕೊಂಡು, ವಾರಕ್ಕೆ ಮೂರು ದಿನ ಮನೆಗೆ ಬರುವ ಫಿಸಿಯೋಥೆರಪಿಸ್ಟರನ್ನು ಗೊತ್ತುಮಾಡಿದ್ದೇವೆ. ಅವರು ಪಾದ ಇಳಿಬೀಳದಂತೆ ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿಗೆ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಹಿತ್ತಿಲಲ್ಲಿ ಹತ್ತು ಮೀಟರ್ ಗುರುತು ಹಾಕಿ ನಡೆಸಿದಾಗ ಮೊದಲ ದಿನ 31 ಸೆಕೆಂಡ್ ಹಿಡಿದಿತ್ತು, ಮೊನ್ನೆ ಭಾನುವಾರ 26. ಮಗ್ಗಿಯ ಬದಲು ಜೋಳದ ಲೆಕ್ಕ ಕೇಳಿದ್ದಕ್ಕೆ ತಂದೆಯವರು ‘ತೂಕದಲ್ಲಿ ಎಷ್ಟು ಕಳೆಯಬೇಕು ಹೇಳು’ ಎಂದು ನನಗೇ ಮರುಪ್ರಶ್ನೆ ಹಾಕುತ್ತಾರೆ, ಹಾಗೆ ಕೇಳುವಾಗ ಮಾತ್ರ ನಿಂತುಬಿಡುತ್ತಾರೆ. ಅಡ್ಡ ನಡಿಗೆ ಬಂದಿದೆ. ಹಿಮ್ಮುಖ ನಡಿಗೆಗೆ ಇನ್ನೂ ಹೆದರುತ್ತಾರೆ.

ಕುಂದವಾಡದ ಗೆಳೆಯರು ದಿನಾ ಫೋನ್ ಮಾಡಿ ಯಾವಾಗ ಕರೆತರುತ್ತೀ ಎಂದು ಕೇಳುತ್ತಿದ್ದಾರೆ, ತಂದೆಯವರಿಗೂ ಅದೇ ಧ್ಯಾನ. ಯಾವ ಗುರುತು ಕಂಡ ಮೇಲೆ ಕರೆದೊಯ್ಯಬಹುದು?

ನಡಿಗೆಯ ಫಿಸಿಯೋ, ಚಿತ್ರದುರ್ಗ

ಹತ್ತು ಮೀಟರಿಗೆ 26 ಸೆಕೆಂಡ್ ಎಂದರೆ ಸೆಕೆಂಡಿಗೆ 0.4 ಮೀಟರಿಗಿಂತ ಕೂದಲೆಳೆಯಷ್ಟು ಕಡಿಮೆ. ಅಷ್ಟು ವೇಗದವರನ್ನು ಮನೆಯೊಳಗಿನ ನಡಿಗೆಯವರೆಂದು ನಾವು ಎಣಿಸುತ್ತೇವೆ. 25 ಸೆಕೆಂಡಿನ ಒಳಗೆ ಬಂದರೆ ಜೊತೆಯವರಿದ್ದು ಹೊರಗೆ ಸ್ವಲ್ಪ ಓಡಾಡಬಹುದಾದ ಮಟ್ಟ, 12 ಸೆಕೆಂಡಿನ ಆಸುಪಾಸಿಗೆ ಬಂದರೆ ಬೀದಿಯಲ್ಲಿ ಸಲೀಸಾಗಿ ನಡೆಯುವ ಮಟ್ಟ. ಆದರೆ ನಿಮ್ಮ ತಂದೆಯವರ ವಿಷಯದಲ್ಲಿ ನಾನು ಗಡಿಯಾರಕ್ಕಿಂತ ಎಡಗಡೆಯ ಗಮನವನ್ನೇ ಹೆಚ್ಚು ನೋಡುತ್ತೇನೆ. ಕೆರೆಯ ದಾರಿಯಲ್ಲಿ ಎಡಗಡೆಯಿಂದ ಓಡುತ್ತಾ ಬರುವ ಮಗುವಿಗೆ ಯಾರೂ ಕೆಂಪು ಪಟ್ಟಿ ಅಂಟಿಸಿರುವುದಿಲ್ಲ. ನೀವು ನೆನಪಿಸದೆಯೇ ಒಂದು ವಾರ ಪೂರ್ತಿ ಅವರಾಗಿಯೇ ಎಡಕ್ಕೆ ನೋಡಿ ಬಾಗಿಲು ದಾಟಿದರೆ, ಹಿತ್ತಿಲಲ್ಲಿ ಕೂರದೆ ಹತ್ತು ನಿಮಿಷ ನಡೆದರೆ, ಮಾತನಾಡಿಸಿದಾಗ ವಾಲದಿದ್ದರೆ, ಆಗ ಕರೆದೊಯ್ಯಿರಿ. ಮಾತನಾಡುವಾಗ ಅವರು ನಿಂತುಬಿಡುವುದನ್ನು ಸದ್ಯಕ್ಕೆ ತಿದ್ದಬೇಡಿ, ಬೀಳುವುದಕ್ಕಿಂತ ನಿಲ್ಲುವುದು ಜಾಣತನ.

ಹೋಗುವಾಗ ವಾರದ ನಡುವಿನ ದಿನ, ಜನ ಕಡಿಮೆ ಇರುವ ಹೊತ್ತು ನೋಡಿ, ಸಮತಟ್ಟಾದ ಕಡೆಯಿಂದ ಆರಂಭಿಸಿ. ತಿಂಡಿ ತಿಂದು ಮುಕ್ಕಾಲು ಗಂಟೆಯ ಮೇಲೆ ಹೊರಡಿ, ಸಕ್ಕರೆ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ನಡೆಸಬೇಡಿ, ಜೇಬಿನಲ್ಲಿ ಬೆಲ್ಲದ ಚೂರೊಂದು ಇರಲಿ. ಗೆಳೆಯರು ಬಲಗಡೆಯೂ ನೀವು ಎಡಗಡೆಯೂ ಇರಿ. ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ ಕೂರಿಸಿ. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲಿನ ಶಕ್ತಿ ಹೊಸದಾಗಿ ಕುಂದಿದರೆ ಗಳಿಗೆಯೂ ತಡಮಾಡದೆ 108ಕ್ಕೆ ಕರೆ ಮಾಡಿ, ಏಕೆಂದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.

ಮೊದಲ ದಿನ ಅವರು ಹಿತ್ತಿಲಲ್ಲಿ ನಡೆಯಬಲ್ಲ ದೂರದ ಅರ್ಧದಷ್ಟೇ ಮುಂದೆ ಹೋಗಿ ತಿರುಗಿಸಿಕೊಂಡು ಬನ್ನಿ, ಹೋದಷ್ಟೇ ದೂರ ಹಿಂದಕ್ಕೂ ನಡೆಯಬೇಕಲ್ಲ. ಗೆಳೆಯರಿಗೆ ಇದನ್ನು ಮೊದಲೇ ಹೇಳಿಡಿ, ‘ಇನ್ನು ನಾಲ್ಕು ಹೆಜ್ಜೆ’ ಎಂದು ಹುರಿದುಂಬಿಸುವವರು ಅವರೇ. ಹೊರಡುವ ಮುನ್ನ ಕೋಲಿನ ನಾಲ್ಕು ಕಾಲಿನ ರಬ್ಬರನ್ನೂ ತಿರುಗಿಸಿ ನೋಡಿ, ಸವೆದಿದ್ದರೆ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ, ನಾಲ್ಕನ್ನೂ ಒಟ್ಟಿಗೇ ಬದಲಿಸಿ.